ಎರವಲು ಗೋರಿಯ ಮುಂದೆ ಕೆಂಪು ಗುಲಾಬಿ

ಸಿನಿಮಾಕ್ಕೆ ಇನ್ನೂ ಬಾಯಿ ಬಂದಿರಲಿಲ್ಲ. ಬೆಳ್ಳಿತೆರೆಯ ಮೇಲೆ ಮನುಷ್ಯರು ನಡೆಯುತ್ತಿದ್ದರು, ನಗುತ್ತಿದ್ದರು, ಕಾದಾಡುತ್ತಿದ್ದರು, ಪ್ರಾಣ ಬಿಡುತ್ತಿದ್ದರು. ಅವರ ತುಟಿಯಿಂದ ಒಂದು ಸೊಲ್ಲೂ ಹೊರಡುತ್ತಿರಲಿಲ್ಲ. ತೆರೆಯ ಕೆಳಗೆ ಕೂತ ಪಿಯಾನೊದವನೋ, ದೊಡ್ಡ ಊರಾದರೆ ಇಡೀ ವಾದ್ಯವೃಂದವೋ ಅವರ ಪರವಾಗಿ ದನಿಯೆತ್ತಬೇಕಿತ್ತು. ಆ ಲೋಕದಲ್ಲಿ ಕಣ್ಣೇ ನಾಲಗೆ, ನಡಿಗೆಯೇ ನುಡಿ. ನಟ ಯಾವ ದೇಶದವನು, ಅವನ ಇಂಗ್ಲಿಷಿನಲ್ಲಿ ಯಾವ ಸೀಮೆಯ ಎಳೆತವಿದೆ ಎಂದು ಪ್ರೇಕ್ಷಕರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಹೀಗಾಗಿ ದಕ್ಷಿಣ ಇಟಲಿಯ ಸಣ್ಣ ಊರೊಂದರ ಪಶುವೈದ್ಯರ ಮಗ, ನ್ಯೂಯಾರ್ಕಿನ ಹೋಟೆಲುಗಳಲ್ಲಿ ತಟ್ಟೆ ಎತ್ತುತ್ತಿದ್ದ ಹುಡುಗ, ಹತ್ತು ವರ್ಷ ತುಂಬುವ ಮೊದಲೇ ಜಗತ್ತಿನ ಮನೆಮಾತಾದ.

ಅವನೇ ರುಡಾಲ್ಫ್ ವ್ಯಾಲೆಂಟಿನೊ. ನಾಯಕನಾಗಿ ಮೆರೆದದ್ದು ಬರೀ ಐದು ವರ್ಷ. 1926ರ ಆಗಸ್ಟ್ 23ರಂದು ತೀರಿಕೊಂಡಾಗ ಅವನ ವಯಸ್ಸು 31. ಆಮೇಲೆ ನಡೆದದ್ದೇ ವಿಸ್ಮಯ. ಅವನ ಸಮಕಾಲೀನರಲ್ಲಿ ಹಲವರು ಬದುಕಿರುವಾಗಲೇ ಮರೆಯಾಗಿ ಹೋದರು. ಅವನು ಸತ್ತ ಮೇಲೂ ಪ್ರತಿ ಆಗಸ್ಟ್ 23ರಂದು ಹಾಲಿವುಡ್ಡಿನ ಸ್ಮಶಾನದಲ್ಲಿ ಜನ ಸೇರುತ್ತಲೇ ಬಂದರು. ಆದ್ದರಿಂದ ಈ ಚರಿತ್ರೆ ಅವನದೆಷ್ಟೋ ಆ ಜನರದೂ ಅಷ್ಟೇ. ಆ ಕಾಲದ ಪತ್ರಿಕೆಗಳು ಅವರನ್ನು ಹುಚ್ಚರ ಗುಂಪು ಎಂದು ಬರೆದವು. ಅವರು ಋಣ ತೀರಿಸಲು ಬಂದವರು ಎಂಬುದು ನನ್ನ ನಂಬಿಕೆ.

ಇಟಲಿಯ ಭೂಪಟವನ್ನು ಬೂಟಿಗೆ ಹೋಲಿಸಿದರೆ ಅದರ ಹಿಮ್ಮಡಿಯ ಭಾಗದಲ್ಲಿ ಪುಲಿಯಾ ಎಂಬ ಸೀಮೆಯಿದೆ. ಅಲ್ಲಿಯ ಕಾಸ್ಟೆಲ್ಲಾನೆಟಾ ಎಂಬ ಊರಿನಲ್ಲಿ 1895ರ ಮೇ 6ರಂದು ಅವನು ಹುಟ್ಟಿದ. ತಂದೆ ಜಿಯೊವಾನ್ನಿ ಗುಲ್ಯೆಲ್ಮಿ ಪಶುವೈದ್ಯರು, ತಾಯಿ ಫ್ರಾನ್ಸಿನವರು. ಮಗನಿಗೆ ಹನ್ನೊಂದು ವರ್ಷವಾಗುವ ಹೊತ್ತಿಗೆ ತಂದೆ ಮಲೇರಿಯಾಕ್ಕೆ ಬಲಿಯಾದರು. ಹುಡುಗ ಓದಿನಲ್ಲಿ ನಿಲ್ಲಲಿಲ್ಲ. ಕೃಷಿಶಾಲೆಯಲ್ಲಿ ಕಲಿತ, ಪ್ಯಾರಿಸ್ಸಿಗೆ ಹೋಗಿ ಬಂದ, ಕೈ ಬರಿದಾಯಿತು. ಆಗಿನ ದಕ್ಷಿಣ ಇಟಲಿಯ ಬಡ ಮನೆಗಳಿಗೆ ಉಳಿದಿದ್ದ ಒಂದೇ ಬಾಗಿಲು ಅಮೇರಿಕ. 1913ರ ಡಿಸೆಂಬರ್ ಕೊನೆಯ ಚಳಿಯಲ್ಲಿ, ಕ್ರಿಸ್ಮಸ್ಸಿಗೆ ಎರಡು ದಿನವಿರುವಾಗ, ಅವನ ಹಡಗು ನ್ಯೂಯಾರ್ಕ್ ಬಂದರಿಗೆ ಬಂತು.

ತೋಟದ ಕೆಲಸ ಮಾಡಿದ, ಹೋಟೆಲಿನಲ್ಲಿ ಮೇಜು ಒರೆಸಿದ. ಕಡೆಗೆ ಕೈ ಹಿಡಿದದ್ದು ಕಾಲು ಕಲಿತಿದ್ದ ವಿದ್ಯೆ. ಟ್ಯಾಂಗೊ ಆಗ ಯುರೋಪು, ಅಮೇರಿಕಗಳನ್ನು ಆವರಿಸಿದ್ದ ಹೊಸ ಕುಣಿತ. ಹಣವಂತ ಹೆಂಗಸರಿಗೆ ಜೊತೆಗಾರನಾಗಿ ಕುಣಿದು ಕೂಲಿ ಪಡೆಯುವ ಬಾಡಿಗೆ ನರ್ತಕನ ಕೆಲಸ ಸಿಕ್ಕಿತು. ಮರ್ಯಾದಸ್ಥರು ಮೂಗು ಮುರಿಯುತ್ತಿದ್ದ ಆ ಕೆಲಸದಲ್ಲೇ ಅವನು ಮುಂದೆ ತನ್ನನ್ನು ಕಾಪಾಡಿದ ಒಂದು ಗುಣವನ್ನು ರೂಢಿಸಿಕೊಂಡ. ಎದುರಿಗಿರುವ ಹೆಣ್ಣಿನ ಹೆಜ್ಜೆಯನ್ನು ಗಮನಿಸುವುದು, ಅವಳ ಲಯಕ್ಕೆ ತನ್ನ ಲಯವನ್ನು ಹೊಂದಿಸುವುದು, ನೋಟವನ್ನು ಬೇರೆಡೆ ಹರಿಯಲು ಬಿಡದಿರುವುದು.

1917ರಲ್ಲಿ ಅವನು ಪಶ್ಚಿಮ ಕರಾವಳಿಯ ಕ್ಯಾಲಿಫೋರ್ನಿಯಾ ಸೇರಿದ. ಆಗಿನ ಹಾಲಿವುಡ್ಡಿನ ನಾಯಕ ಎಂದರೆ ತಿಳಿಗೂದಲಿನ, ಕಟ್ಟುಮಸ್ತಾದ ಅಮೇರಿಕದ ಹುಡುಗ. ಕಪ್ಪುಗೂದಲಿನ, ಕಂದು ಮೈಬಣ್ಣದ ಇಟಲಿಯವನಿಗೆ ಖಳನ ಪಾತ್ರಗಳೇ ಗತಿ. ಅಂಥ ಒಂದು ಪುಟ್ಟ ಪಾತ್ರದಲ್ಲಿ, 1919ರ 'ಐಸ್ ಆಫ್ ಯೂತ್' ಚಿತ್ರದಲ್ಲಿ, ಅವನನ್ನು ಕಂಡವರು ಜೂನ್ ಮ್ಯಾಥಿಸ್. ಮೆಟ್ರೊ ಸಂಸ್ಥೆಯ ಚಿತ್ರಕಥೆಗಾರ್ತಿ. ಗಂಡಸರೇ ತುಂಬಿದ್ದ ಆ ಉದ್ಯಮದಲ್ಲಿ ಮಾತು ನಡೆಯುತ್ತಿದ್ದ ಕೆಲವೇ ಹೆಂಗಸರಲ್ಲಿ ಒಬ್ಬರು. ಸ್ಪೇನಿನ ಕಾದಂಬರಿಕಾರ ಬ್ಲಾಸ್ಕೊ ಇಬಾನ್ಯೆಸ್ ಬರೆದ ಯುದ್ಧದ ಕಾದಂಬರಿಯನ್ನು ಆಕೆ ತೆರೆಗೆ ಅಳವಡಿಸುತ್ತಿದ್ದರು. ಅದರ ಹುಲಿಯೊ ಪಾತ್ರ ಈ ಹುಡುಗನಿಗೇ ಸಲ್ಲಬೇಕೆಂದು ಹಟ ಹಿಡಿದು ಗೆದ್ದರು. ವ್ಯಾಲೆಂಟಿನೊನ ಮೊದಲ ಅಭಿಮಾನಿ ಯಾರೆಂದು ಕೇಳಿದರೆ ನಾನು ಹೇಳುವುದು ಈ ಹೆಸರನ್ನೇ. ಅವನ ಕಡೆಯ ನೆಲೆಯನ್ನು ಕೊಟ್ಟವರೂ ಇವರೇ. ಆ ಮಾತು ಮುಂದೆ ಬರುತ್ತದೆ.

ರೆಕ್ಸ್ ಇಂಗ್ರಾಮ್ ನಿರ್ದೇಶನದ 'ದಿ ಫೋರ್ ಹಾರ್ಸ್‌ಮೆನ್ ಆಫ್ ದಿ ಅಪಾಕಲಿಪ್ಸ್' 1921ರ ಮಾರ್ಚಿನಲ್ಲಿ ತೆರೆಕಂಡಿತು. ಅದರಲ್ಲಿ ಬ್ಯೂನಸ್ ಐರಿಸ್ ನಗರದ ಹೆಂಡದಂಗಡಿಯೊಂದರ ದೃಶ್ಯವಿದೆ. ಹೊಗೆ ಕವಿದ ಕೋಣೆ. ಚಪ್ಪಟೆ ಟೋಪಿ, ಹೆಗಲ ಮೇಲೆ ಪಟ್ಟೆಪಟ್ಟೆಯ ಹೊದಿಕೆ, ಕೈಯಲ್ಲಿ ಚಾಟಿ ಹಿಡಿದ ಹುಲಿಯೊ ಸಿಗರೇಟು ಸೇದುತ್ತ ಕೂತಿದ್ದಾನೆ. ನಡುವೆ ಒಂದು ಜೋಡಿ ಕುಣಿಯುತ್ತಿದೆ. ಅವನು ಎದ್ದು ನಿಧಾನವಾಗಿ ಬಂದು ಆ ಹೆಣ್ಣನ್ನು ಕುಣಿತಕ್ಕೆ ಕರೆಯುತ್ತಾನೆ. ಜೊತೆಗಾರ ಅಡ್ಡ ಬಂದಾಗ ಚಾಟಿಯಿಂದ ಹೊಡೆದುರುಳಿಸುತ್ತಾನೆ. ಆಮೇಲೆ ಟ್ಯಾಂಗೊ. ಅವಸರವಿಲ್ಲ, ಒಂದು ಹೆಜ್ಜೆಯೂ ಹೆಚ್ಚಿಲ್ಲ. ಕಾಲುಗಳು ನೆಲವನ್ನು ಸವರುತ್ತ ಸಾಗುತ್ತವೆ. ಕಣ್ಣು ಮಾತ್ರ ಅವಳ ಮುಖದಿಂದ ಕದಲುವುದಿಲ್ಲ. ಕೆಲವೇ ನಿಮಿಷದ ಆ ಕುಣಿತ ಮುಗಿಯುವಷ್ಟರಲ್ಲಿ ಅಮೇರಿಕಕ್ಕೆ ಹೊಸ ನಾಯಕ ದೊರಕಿದ್ದ.

ಅದೇ ವರ್ಷದ ಕೊನೆಗೆ 'ದಿ ಶೇಖ್' ಬಂತು. ಕಥೆ ಇ.ಎಂ. ಹಲ್ ಎಂಬ ಇಂಗ್ಲಿಷ್ ಲೇಖಕಿಯದು. ಮರಳುಗಾಡಿನ ಒಡೆಯನೊಬ್ಬ ಇಂಗ್ಲಿಷ್ ಯುವತಿಯನ್ನು ಹೊತ್ತೊಯ್ಯುವ ಕಥೆ. ಇಂದು ನೋಡಿದರೆ ಅದರಲ್ಲಿ ಮೆಚ್ಚಲಾಗದ್ದು ಬಹಳವಿದೆ. ಅಪಹರಣವನ್ನು ಪ್ರೇಮವೆಂದು ತೋರಿಸಿದ್ದಾರೆ, ಅರಬರ ನಾಡನ್ನು ಕಟ್ಟುಕತೆಯಾಗಿಸಿದ್ದಾರೆ. ನಾಯಕ ನಿಜವಾದ ಅರಬನೇ ಆದರೆ ಬಿಳಿಯ ಹೆಣ್ಣು ಅವನನ್ನು ವರಿಸುವುದು ಹೇಗೆಂದು ಅಂಜಿ, ಕೊನೆಗೆ ಅವನು ಇಂಗ್ಲಿಷ್ ತಂದೆಯ, ಸ್ಪೇನಿನ ತಾಯಿಯ ಮಗನೆಂದು ತಿಪ್ಪೆ ಸಾರಿಸಿದ್ದಾರೆ. ಇಷ್ಟೆಲ್ಲ ಇದ್ದೂ ಚಿತ್ರಮಂದಿರಗಳ ಮುಂದೆ ಹೆಂಗಸರ ಸಾಲು ಕರಗಲಿಲ್ಲ. 'ಶೇಖ್' ಎಂಬುದು ಅಮೇರಿಕದ ಆಡುಮಾತಿನಲ್ಲಿ ಶೋಕಿಲಾಲ ಯುವಕನಿಗೆ ಹೆಸರಾಯಿತು. ಹುಡುಗರು ಎಣ್ಣೆ ಹಚ್ಚಿ ಕೂದಲನ್ನು ಹಿಂದಕ್ಕೆ ಬಾಚತೊಡಗಿದರು.

ಆ ಹೆಂಗಸರು ಕಂಡದ್ದೇನು? ಕಾಲವನ್ನು ನೋಡಿದರೆ ಉತ್ತರ ಹೊಳೆಯುತ್ತದೆ. ಅಮೇರಿಕದ ಹೆಣ್ಣಿಗೆ ದೇಶದಾದ್ಯಂತ ಮತದ ಹಕ್ಕು ಸಿಕ್ಕಿದ್ದು 1920ರ ಆಗಸ್ಟಿನಲ್ಲಿ. ಯುದ್ಧದ ಕಾಲದಲ್ಲಿ ಕಾರ್ಖಾನೆ, ಕಚೇರಿಗಳಿಗೆ ಹೊಕ್ಕವಳು ಸ್ವಂತ ಸಂಬಳ ಕಂಡಿದ್ದಳು. ಬೆರಳಚ್ಚು ಯಂತ್ರದ ಮುಂದೆ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ಅಂಗಡಿಯ ಗಲ್ಲಾದ ಹಿಂದೆ ದಿನವಿಡೀ ದುಡಿದ ಹೆಣ್ಣು ತನ್ನ ಕಾಸಿನಿಂದ ಟಿಕೀಟು ಕೊಂಡು ಕತ್ತಲಲ್ಲಿ ಕೂತಳು. ತೆರೆಯ ಮೇಲಿದ್ದ ಗಂಡಸು ಹೆಣ್ಣಿನ ಕಡೆ ಪೂರಾ ಗಮನ ಕೊಟ್ಟು ನೋಡುತ್ತಿದ್ದ. ಮನೆಯಲ್ಲಿ, ಕಚೇರಿಯಲ್ಲಿ ಯಾರೂ ಅವಳನ್ನು ಹಾಗೆ ನೋಡಿರಲಿಲ್ಲ. ಬಾಡಿಗೆ ನರ್ತಕನಾಗಿ ಕಲಿತ ಆ ನೋಟ ಲಕ್ಷಾಂತರ ಹೆಂಗಸರ ಪಾಲಿಗೆ ಸಿಕ್ಕ ಮೊದಲ ಮನ್ನಣೆಯಾಯಿತು.

ಅವನ ಸ್ವಂತ ಬದುಕಿಗೆ ಆ ನೆಮ್ಮದಿ ದಕ್ಕಲಿಲ್ಲ. 1919ರಲ್ಲಿ ನಟಿ ಜೀನ್ ಆಕರ್ ಜೊತೆ ಆದ ಮದುವೆ ಮೊದಲ ರಾತ್ರಿಗೇ ಮುರಿಯಿತು. ಆಮೇಲೆ ಒಲಿದವಳು ನತಾಶಾ ರಾಂಬೋವಾ. ಹೆಸರು ರಷ್ಯಾದ್ದು, ಹುಟ್ಟೂರು ಅಮೇರಿಕದ ಸಾಲ್ಟ್ ಲೇಕ್ ಸಿಟಿ, ವೇಷಭೂಷಣ ಮತ್ತು ರಂಗವಿನ್ಯಾಸದಲ್ಲಿ ಪಳಗಿದ ಕೈ. ವಿಚ್ಛೇದನದ ಅವಧಿ ತುಂಬುವ ಮೊದಲೇ 1922ರ ಮೇ ತಿಂಗಳಲ್ಲಿ ಗಡಿ ದಾಟಿ ಮೆಕ್ಸಿಕೊದಲ್ಲಿ ಮದುವೆಯಾಗಿ, ದ್ವಿಪತ್ನಿತ್ವದ ಆರೋಪಕ್ಕೆ ಸಿಲುಕಿ ಅವನು ಜೈಲಿನ ಬಾಗಿಲು ಕಂಡು ಬಂದ. ಮರುವರ್ಷ ಮತ್ತೆ ವಿಧಿವತ್ತಾಗಿ ವಿವಾಹವಾಯಿತು. ಅದೇ ಹೊತ್ತಿಗೆ ಸಂಬಳಕ್ಕಾಗಿ, ತನ್ನ ಚಿತ್ರಗಳ ಮೇಲಿನ ಹಿಡಿತಕ್ಕಾಗಿ ಅವನು ಸ್ಟುಡಿಯೊ ವಿರುದ್ಧ ಒಬ್ಬನೇ ಮುಷ್ಕರ ಹೂಡಿದ. ಬೇರೆ ಯಾರ ಚಿತ್ರದಲ್ಲೂ ನಟಿಸಕೂಡದೆಂದು ನ್ಯಾಯಾಲಯದ ತಡೆ ಬಂತು.

ಅಭಿಮಾನದ ನಿಜವಾದ ಪರೀಕ್ಷೆ ಆಗ ನಡೆಯಿತು. ಚಿತ್ರವಿಲ್ಲದ ನಟನನ್ನು ಜನ ಮರೆಯುತ್ತಾರೆ ಎಂಬುದು ಉದ್ಯಮದ ಲೆಕ್ಕ. 1923ರಲ್ಲಿ ವ್ಯಾಲೆಂಟಿನೊ ದಂಪತಿ ಒಂದು ಸೌಂದರ್ಯ ಲೇಪನದ ಕಂಪನಿಗಾಗಿ ಊರೂರು ಸುತ್ತಿ ಟ್ಯಾಂಗೊ ಕುಣಿದರು. ಅಮೇರಿಕ, ಕೆನಡಾಗಳ 88 ನಗರಗಳಲ್ಲಿ ಜನ ಮುಗಿಬಿದ್ದರು. ಲೆಕ್ಕ ಹಾಕಿದವರು ಸೋತರು.

ಅದೇ 1923ರಲ್ಲಿ ಇನ್ನೊಂದು ಘಟನೆ ನಡೆಯಿತು. ಬ್ರನ್ಸ್‌ವಿಕ್ ಕಂಪನಿಯ ಧ್ವನಿಮುದ್ರಣ ಕೋಣೆಯಲ್ಲಿ ನಿಂತು ಅವನು ಎರಡು ಹಾಡು ಹಾಡಿದ. ಮೂಕಿಯ ಅರಸನ ದನಿಯೆಂದು ಉಳಿದಿರುವುದು ಅಷ್ಟೇ. ಒಂದು ಸ್ಪ್ಯಾನಿಷ್ ಹಾಡು; ಇನ್ನೊಂದು 'ಕಾಶ್ಮೀರಿ ಸಾಂಗ್', 'ದಿ ಶೇಖ್' ಚಿತ್ರದಲ್ಲಿ ಅವನು ಹಾಡುವಂತೆ ಮೂಕವಾಗಿ ತೋರಿಸಿದ್ದ ಅದೇ ಗೀತೆ. ಅದರ ಸಾಹಿತ್ಯ ಬರೆದವರು ಅಡೆಲಾ ನಿಕಲ್ಸನ್. ಭಾರತದಲ್ಲಿ ಸೈನ್ಯಾಧಿಕಾರಿಯ ಹೆಂಡತಿಯಾಗಿ ಬಾಳಿದವರು. ಲಾರೆನ್ಸ್ ಹೋಪ್ ಎಂಬ ಗಂಡು ಹೆಸರಿನ ಮರೆಯಲ್ಲಿ ವಿರಹದ ಕವಿತೆ ಬರೆದು, 1904ರಲ್ಲಿ ಮದರಾಸಿನಲ್ಲಿ ತೀರಿಕೊಂಡು ಅಲ್ಲೇ ಮಣ್ಣಾದವರು. ಆ ಮುದ್ರಿಕೆಯನ್ನು ಕೇಳಿದರೆ ದನಿ ಅಷ್ಟೇನೂ ಪಳಗಿದ್ದಲ್ಲವೆಂದು ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಇಟಲಿಯ ಸ್ವರ ಇಣುಕುತ್ತದೆ. ತೆರೆ ಮುಚ್ಚಿಟ್ಟಿದ್ದ ವಲಸೆಗಾರ ಆ ಮೂರು ನಿಮಿಷ ನಮ್ಮೆದುರು ನಿಲ್ಲುತ್ತಾನೆ.

ಆ ವಲಸೆಗಾರನನ್ನು ಅಮೇರಿಕದ ಗಂಡಸರ ಲೋಕ ಎಂದೂ ಕ್ಷಮಿಸಲಿಲ್ಲ. 1924ರ ವಲಸೆ ಕಾಯಿದೆ ಇಟಲಿಯಿಂದ ಬರುವವರ ಸಂಖ್ಯೆಯನ್ನು ವರ್ಷಕ್ಕೆ ನಾಲ್ಕು ಸಾವಿರಕ್ಕೂ ಕೆಳಗೆ ಇಳಿಸಿತು. ಸಾಕೊ, ವ್ಯಾಂಜೆಟಿ ಎಂಬ ಇಬ್ಬರು ಇಟಾಲಿಯನ್ ದುಡಿಮೆಗಾರರು ಕೊಲೆ ಆರೋಪದಲ್ಲಿ ಸೆರೆಮನೆಯಲ್ಲಿದ್ದರು. ಲೋಕವೆಲ್ಲ ಪ್ರತಿಭಟಿಸಿದರೂ ಕೇಳದೆ ಅವರಿಗೆ ಮರಣದಂಡನೆ ಜಾರಿಯಾದದ್ದು 1927ರ ಆಗಸ್ಟ್ 23ರಂದು, ವ್ಯಾಲೆಂಟಿನೊ ತೀರಿ ಸರಿಯಾಗಿ ಒಂದು ವರ್ಷಕ್ಕೆ. ಇಂಥ ನಾಡಿನಲ್ಲಿ ಕೈಗೆ ಬಳೆ ತೊಟ್ಟ, ಮೈಗೆ ಸುಗಂಧ ಪೂಸಿದ, ಹೆಂಗಸರು ಮೆಚ್ಚಿದ ಇಟಲಿಯವನೆಂದರೆ ಹಲವರಿಗೆ ಕಣ್ಣುರಿ. 1926ರ ಜುಲೈನಲ್ಲಿ ಷಿಕಾಗೊ ಟ್ರಿಬ್ಯೂನ್ ಪತ್ರಿಕೆ ಹೆಸರಿಲ್ಲದ ಸಂಪಾದಕೀಯವೊಂದನ್ನು ಅಚ್ಚು ಮಾಡಿತು. ಗಂಡಸರ ಶೌಚಾಲಯದಲ್ಲಿ ಗುಲಾಬಿ ಬಣ್ಣದ ಪೌಡರ್ ಕೊಡುವ ಯಂತ್ರ ಬಂದಿದೆಯೆಂದು ಹಲುಬಿ, ಅಮೇರಿಕದ ಗಂಡಸುತನ ಕೆಡಲು ವ್ಯಾಲೆಂಟಿನೊನೇ ಕಾರಣವೆಂದು ಜರೆಯಿತು. ಕೆರಳಿದ ಅವನು ಬರೆದವನನ್ನು ಮುಷ್ಟಿಯುದ್ಧಕ್ಕೆ ಕರೆದ. ಯಾರೂ ಮುಂದೆ ಬರಲಿಲ್ಲ. ನ್ಯೂಯಾರ್ಕಿನ ಹೋಟೆಲಿನ ಮಹಡಿಯ ಮೇಲೆ ಬಾಕ್ಸಿಂಗ್ ವರದಿಗಾರನೊಬ್ಬನ ಜೊತೆ ಸೆಣಸಿ, ಅವನನ್ನು ಕೆಡವಿ, ತನ್ನ ಗಂಡಸುತನಕ್ಕೆ ಸಾಕ್ಷಿ ಒದಗಿಸಬೇಕಾಯಿತು.

ಆಗಸ್ಟ್ 15ರ ಭಾನುವಾರ ಅದೇ ಅಂಬಾಸಡರ್ ಹೋಟೆಲಿನಲ್ಲಿ ಅವನು ಹೊಟ್ಟೆ ಹಿಡಿದು ಕುಸಿದ. ಪಾಲಿಕ್ಲಿನಿಕ್ ಆಸ್ಪತ್ರೆಯಲ್ಲಿ ಆ ಸಂಜೆಯೇ ಶಸ್ತ್ರಚಿಕಿತ್ಸೆ. ಜಠರದ ಹುಣ್ಣು ಒಡೆದಿತ್ತು, ಕೀವು ಹೊಟ್ಟೆಯೊಳಗೆಲ್ಲ ಹರಡಿತ್ತು. ಪೆನಿಸಿಲಿನ್ ಇನ್ನೂ ಲೋಕಕ್ಕೆ ಬಂದಿರಲಿಲ್ಲ. ಎಚ್ಚರವಾದಾಗ, ಈಗಲಾದರೂ ನಾನು ಆ ಪೌಡರ್ ಗಂಡಸಿನಂತೆ ನಡೆದುಕೊಂಡೆನೆ ಎಂದು ವೈದ್ಯರನ್ನು ಕೇಳಿದನೆಂದು ಆಗಿನ ವರದಿಗಳು ಹೇಳುತ್ತವೆ. ಎಂಟನೆಯ ದಿನ, ಆಗಸ್ಟ್ 23ರ ಸೋಮವಾರ ಮಧ್ಯಾಹ್ನ 12 ಗಂಟೆ 10 ನಿಮಿಷಕ್ಕೆ ಉಸಿರು ನಿಂತಿತು.

ಆಮೇಲಿನ ದಿನಗಳನ್ನು ನ್ಯೂಯಾರ್ಕ್ ಮರೆಯಲಿಲ್ಲ. ಬ್ರಾಡ್‌ವೇ ಬೀದಿಯ ಕ್ಯಾಂಪ್‌ಬೆಲ್ ಅಂತ್ಯಕ್ರಿಯೆ ಗೃಹದಲ್ಲಿ ದೇಹವನ್ನು ದರ್ಶನಕ್ಕಿಟ್ಟಾಗ ಸುಮಾರು ಒಂದು ಲಕ್ಷ ಜನ ನೆರೆದರೆಂದು ಅಂದಾಜು. ಮಳೆ ಸುರಿಯುತ್ತಿತ್ತು. ಸಾಲು ಬೀದಿ ಬೀದಿಗಳನ್ನು ಸುತ್ತಿ ಹೋಯಿತು. ನೂಕುನುಗ್ಗಲಿಗೆ ದೊಡ್ಡ ಗಾಜಿನ ಕಿಟಕಿ ಒಡೆಯಿತು. ಕುದುರೆ ಪೊಲೀಸರು ಜನರ ಮೇಲೆ ನುಗ್ಗಿದರು. ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ನಲವತ್ತು ವರ್ಷ ನಡೆಸಿದ ಚಾರ್ಲ್ಸ್ ಎಲಿಯಟ್ ತೀರಿಕೊಂಡದ್ದು ಅವನಿಗಿಂತ ಒಂದು ದಿನ ಮೊದಲು. ಆ ಸುದ್ದಿ ಈ ಶೋಕದಲ್ಲಿ ಮುಳುಗಿಹೋಯಿತು. ಆಗಸ್ಟ್ 30ರಂದು ನಟರ ಚರ್ಚೆಂದೇ ಹೆಸರಾದ ಸೇಂಟ್ ಮಲಾಕಿಯಲ್ಲಿ ಪ್ರಾರ್ಥನೆ ನಡೆಯಿತು. ನಟಿ ಪೋಲಾ ನೇಗ್ರಿ ತನಗೂ ಅವನಿಗೂ ಮದುವೆ ನಿಶ್ಚಯವಾಗಿತ್ತೆಂದು ಹೇಳಿ, ಶವಪೆಟ್ಟಿಗೆಯ ಬಳಿ ಗೋಳಾಡಿದಳು. ಬಳಿಕ ರೈಲು ಅವನನ್ನು ಹೊತ್ತು ಖಂಡದ ಉದ್ದಕ್ಕೂ ಸಾಗಿ ಕ್ಯಾಲಿಫೋರ್ನಿಯಾ ಮುಟ್ಟಿಸಿತು.

ಆ ಗಲಭೆಯನ್ನು ಕಂಡು ನಕ್ಕ ಪಂಡಿತರು ಬಹಳ. ನೂಕಾಟದಲ್ಲಿ ಕುತೂಹಲಕ್ಕೆ ಬಂದವರಿದ್ದರು, ಪ್ರಚಾರಕ್ಕಾಗಿ ಕಣ್ಣೀರಿಟ್ಟವರೂ ಇದ್ದರು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಗಲಭೆ ಒಂದು ವಾರಕ್ಕೆ ಅಡಗುತ್ತದೆ. ಅದು ಅಡಗಿದ ಮೇಲೆ ಏನು ಉಳಿಯಿತೆಂದು ನೋಡಿದರೆ ಮಾತ್ರ ಅಭಿಮಾನದ ತೂಕ ತಿಳಿದೀತು.

ಉಳಿದದ್ದರಲ್ಲಿ ಮೊದಲನೆಯದು ಒಂದು ಗೋರಿ. ಬೆವರ್ಲಿ ಹಿಲ್ಸ್‌ನಲ್ಲಿ ಫಾಲ್ಕನ್ ಲೇರ್ ಎಂಬ ಬಂಗಲೆ, ಕಾರು, ಕುದುರೆ, ಪುರಾತನ ಕವಚಗಳ ಸಂಗ್ರಹ ಎಲ್ಲ ಇದ್ದ ವ್ಯಾಲೆಂಟಿನೊ ಸತ್ತದ್ದು ಸಾಲಗಾರನಾಗಿ. ಹೂಳಲು ಸ್ವಂತ ಜಾಗವಿರಲಿಲ್ಲ. ಹಾಲಿವುಡ್ ಸ್ಮಶಾನದ ಅಮೃತಶಿಲೆಯ ಸಮಾಧಿ ಭವನದಲ್ಲಿ ಜೂನ್ ಮ್ಯಾಥಿಸ್ ತಮಗಾಗಿ ಕೊಂಡಿಟ್ಟಿದ್ದ ಗೂಡನ್ನು ಸದ್ಯಕ್ಕೆ ಇರಲೆಂದು ಬಿಟ್ಟುಕೊಟ್ಟರು. ಹನ್ನೊಂದು ತಿಂಗಳಿಗೆ, 1927ರ ಜುಲೈನಲ್ಲಿ, ನಾಟಕ ನೋಡುತ್ತಿದ್ದಾಗಲೇ ಹೃದಯಾಘಾತವಾಗಿ ಆಕೆಯೂ ತೀರಿಕೊಂಡರು. ಆಕೆಯ ಪತಿ ತನ್ನ ಪಾಲಿನ ಪಕ್ಕದ ಗೂಡನ್ನು ವ್ಯಾಲೆಂಟಿನೊಗೆ ಕೊಟ್ಟರು. ಅವನನ್ನು ಕಂಡು ಹಿಡಿದವರು, ಅವನು, ಇಬ್ಬರೂ ಇಂದಿಗೂ ಅಕ್ಕಪಕ್ಕದಲ್ಲೇ ಮಲಗಿದ್ದಾರೆ. ಅವನದು ಎರವಲು ಜಾಗ.

ಆ ಎರವಲು ಜಾಗಕ್ಕೆ ಬಂದಳು ಕಪ್ಪುಡುಪಿನ ಮಹಿಳೆ. ಪುಣ್ಯತಿಥಿಯಂದು ಅಡಿಯಿಂದ ಮುಡಿಯವರೆಗೆ ಕಪ್ಪು ತೊಟ್ಟು, ಮುಖಕ್ಕೆ ಕಪ್ಪು ಜಾಲರಿ ಇಳಿಬಿಟ್ಟು, ಕೆಂಪು ಗುಲಾಬಿ ಇಟ್ಟು ಹೋಗುವ ಹೆಣ್ಣೊಬ್ಬಳ ಸುದ್ದಿ ವರ್ಷ ವರ್ಷ ಪತ್ರಿಕೆಗಳಲ್ಲಿ ಬಂತು. ರಸೆಲ್ ಬರ್ಡ್‌ವೆಲ್ ಎಂಬ ಪ್ರಚಾರಕ ಅದು ತಾನೇ ಹೂಡಿದ ಆಟವೆಂದು ಹೇಳಿಕೊಂಡ. ಇರಬಹುದು. ಆದರೆ ಡಿಟ್ರಾ ಫ್ಲಾಮೆ ಹೇಳಿದ ಕಥೆ ಬೇರೆ. ಹದಿನಾಲ್ಕರ ವಯಸ್ಸಿನಲ್ಲಿ ತಾನು ಕಾಯಿಲೆಯಿಂದ ಆಸ್ಪತ್ರೆಯಲ್ಲಿದ್ದಾಗ, ತಾಯಿಯ ಪರಿಚಯದ ವ್ಯಾಲೆಂಟಿನೊ ಕೆಂಪು ಗುಲಾಬಿ ಹಿಡಿದು ನೋಡಲು ಬಂದನಂತೆ. ನೀನು ಸಾಯುವುದಿಲ್ಲ, ನನಗಿಂತ ಹೆಚ್ಚು ಕಾಲ ಬದುಕುತ್ತೀಯೆ; ನಾನು ಮೊದಲು ಹೋದರೆ ಬಂದು ಮಾತಾಡಿಸು, ನನಗೆ ಒಂಟಿಯಾಗಿರುವುದು ಇಷ್ಟವಿಲ್ಲ ಎಂದನಂತೆ. ಆಕೆ ಬದುಕಿದಳು. ಮಾತು ನಡೆಸಿದಳು. ನಕಲಿ ಕಪ್ಪುಡುಪುಗಳ ಸಂತೆ ಹೆಚ್ಚಿದಾಗ 1950ರ ದಶಕದಲ್ಲಿ ಬೇಸತ್ತು ಹಿಂದೆ ಸರಿದರೂ 1977ರಲ್ಲಿ ಮತ್ತೆ ಬಂದಳು. ಆಕೆ 1984ರಲ್ಲಿ ತೀರಿಕೊಂಡ ಮೇಲೆ ಇತರರು ಆ ಉಡುಪನ್ನು ತೊಟ್ಟರು.

ನೆನಪಿಗೆ ಬೇರೆ ನೆಲೆಗಳೂ ಒದಗಿದವು. 'ದಿ ಸನ್ ಆಫ್ ದಿ ಶೇಖ್' ಅವನ ಕಡೆಯ ಚಿತ್ರ. ತಂದೆ, ಮಗ ಎರಡೂ ಪಾತ್ರ ಅವನದೇ. ಅದರಲ್ಲಿ ಅವನು ಏರಿದ ಜದಾನ್ ಎಂಬ ಬೂದುಬಿಳಿ ಅರಬ್ಬೀ ಕುದುರೆ ಪೊಮೊನಾದಲ್ಲಿದ್ದ ಕೆಲಾಗ್ ಅವರ ಲಾಯದ್ದು, ಬೆಳಗಿನ ಉಪಾಹಾರದ ಕಾಳುಗಳಿಗೆ ಹೆಸರಾದ ಅದೇ ಕೆಲಾಗ್. ಸವಾರ ಹೋದ ಮೇಲೂ ಆ ಕುದುರೆಯನ್ನು ನೋಡಲು ಜನ ಅಲ್ಲಿಗೆ ಬರುತ್ತಿದ್ದರು. 1930ರ ಮೇ ತಿಂಗಳಲ್ಲಿ, ಅವನ ಜನ್ಮದಿನದ ಹೊತ್ತಿಗೆ, ಹಾಲಿವುಡ್ಡಿನ ಡಿ ಲಾಂಗ್‌ಪ್ರೆ ಉದ್ಯಾನದಲ್ಲಿ ಕಂಚಿನ ಪ್ರತಿಮೆಯೊಂದು ಎದ್ದು ನಿಂತಿತು. ಹೆಸರು 'ಆಸ್ಪಿರೇಷನ್'. ಮುಖವೆತ್ತಿ ಆಕಾಶ ನೋಡುವ ಯುವಕ. ಅದರ ಖರ್ಚು ಸ್ಟುಡಿಯೊಗಳದಲ್ಲ. ಲೋಕದ ನಾನಾ ಮೂಲೆಗಳ ಅಭಿಮಾನಿಗಳದು. ಕಾಸ್ಟೆಲ್ಲಾನೆಟಾ ಕೂಡ ಬಿಟ್ಟು ಹೋದ ಮಗನಿಗೆ 1961ರಲ್ಲಿ ಸ್ಮಾರಕ ಕಟ್ಟಿತು. ಈಗ ಅಲ್ಲಿ ಅವನ ಹೆಸರಿನ ವಸ್ತುಸಂಗ್ರಹಾಲಯವಿದೆ.

ಇಷ್ಟರ ನಡುವೆ ಚಿತ್ರಗಳು ಅಳಿಯುತ್ತಿದ್ದವು. ಮೂಕಿಗಳ ನೈಟ್ರೇಟ್ ಫಿಲ್ಮ್ ಬೇಗ ಹತ್ತಿ ಉರಿಯುವಂಥದ್ದು; ಉರಿಯದಿದ್ದರೆ ಡಬ್ಬಿಯಲ್ಲೇ ಅಂಟಾಗಿ, ಕಡೆಗೆ ಪುಡಿಯಾಗುವಂಥದ್ದು. ಮಾತಿನ ಚಿತ್ರಗಳು ಬಂದ ಮೇಲೆ ಹಳೆಯದನ್ನು ಕಾಯುವ ಗೊಡವೆಗೆ ಹೆಚ್ಚಿನ ಸ್ಟುಡಿಯೊಗಳು ಹೋಗಲಿಲ್ಲ. ಗ್ಲೋರಿಯಾ ಸ್ವಾನ್ಸನ್ ಜೊತೆ ಅವನು ನಟಿಸಿದ 1922ರ 'ಬಿಯಾಂಡ್ ದಿ ರಾಕ್ಸ್' ಹೀಗೆ ಕಳೆದುಹೋದದ್ದೆಂದು ಎಲ್ಲರೂ ಕೈಬಿಟ್ಟಿದ್ದರು. 2003ರಲ್ಲಿ ನೆದರ್ಲೆಂಡ್ಸ್‌ನ ಫಿಲ್ಮ್ ಮ್ಯೂಸಿಯಮ್ಮಿನವರು ಹಾರ್ಲೆಮ್ ಊರಿನ ಸಂಗ್ರಾಹಕರೊಬ್ಬರು ಬಿಟ್ಟುಹೋದ ಡಬ್ಬಿಗಳನ್ನು ತೆರೆಯುತ್ತ ಬಂದಾಗ ಅದರ ಸುರುಳಿಗಳು ಒಂದೊಂದಾಗಿ ಸಿಕ್ಕವು. 2005ರಲ್ಲಿ ಚಿತ್ರ ಮತ್ತೆ ತೆರೆಗೆ ಬಂತು. ಅದನ್ನು ಮಾಡಿಸಿದ ಕಂಪನಿ ಉಳಿಸಲಾರದ್ದನ್ನು, ಹಳೆಯ ಸಿನಿಮಾದ ಮೇಲಿನ ಮೋಹಕ್ಕೆ ಡಬ್ಬಿ ಪೇರಿಸಿಟ್ಟ ಒಬ್ಬ ಮನುಷ್ಯ ಉಳಿಸಿದ್ದ.

ಕನ್ನಡದಲ್ಲಿ ಅಭಿಮಾನ ಎಂಬ ಮಾತಿಗೆ ಎರಡು ಮುಖವಿದೆ. ಇನ್ನೊಬ್ಬರ ಮೇಲಿನ ಪ್ರೀತಿಯೂ ಹೌದು, ತನ್ನ ಮೇಲಿನ ಗೌರವವೂ ಹೌದು. ವ್ಯಾಲೆಂಟಿನೊನ ಕಥೆಯಲ್ಲಿ ಇವೆರಡೂ ಬೆಸೆದಿವೆ. ಅವನನ್ನು ಮೆಚ್ಚಿದ ಬೆರಳಚ್ಚುಗಾರ್ತಿ, ಅಂಗಡಿಯ ಹುಡುಗಿ, ವಲಸೆ ಬಂದ ಇಟಲಿಯ ತಾಯಿ, ಇವರೆಲ್ಲ ತೆರೆಯ ಬೆಳಕಿನಲ್ಲಿ ತಮ್ಮ ಬೆಲೆಯನ್ನೂ ಕಂಡುಕೊಂಡಿದ್ದರು. ಕೊಟ್ಟವನು ಬೇಗ ಹೋದ, ಸಾಲ ಹೊತ್ತು ಹೋದ, ತನ್ನದೆಂಬ ಆರಡಿ ಜಾಗವಿಲ್ಲದೆ ಹೋದ. ಪಡೆದವರು ಸುಮ್ಮನಿರಲಿಲ್ಲ. ತಾಯಿ ಮಗಳಿಗೆ ಹೇಳಿದಳು, ಮಗಳು ತನ್ನ ಮಗಳಿಗೆ. ಅವನನ್ನು ಕಣ್ಣಾರೆ ಕಂಡವರಲ್ಲಿ ಯಾರೂ ಉಳಿಯದ ಕಾಲ ಬಂದರೂ ಆ ಸಾಲು ಕರಗಿಲ್ಲ.

ಕ್ಯಾಲಿಫೋರ್ನಿಯಾದ ಸ್ಯಾನ್ ಹಸಿಂಟೊ ಕಣಿವೆಯ ಸ್ಮಶಾನದಲ್ಲಿ ಡಿಟ್ರಾ ಫ್ಲಾಮೆಯ ಕಲ್ಲಿದೆ. ಅದರ ಮೇಲೆ ಅವಳ ಹೆಸರಿನ ಜೊತೆಗೆ 'ಕಪ್ಪುಡುಪಿನ ಮಹಿಳೆ' ಎಂಬ ಮಾತನ್ನೂ ಕೆತ್ತಲಾಗಿದೆ. ಅಲ್ಲಿಂದ ದೂರದ ಹಾಲಿವುಡ್ಡಿನಲ್ಲಿ, ಪ್ರತಿವರ್ಷ ಆಗಸ್ಟ್ 23ರ ಮಧ್ಯಾಹ್ನ, ಗಡಿಯಾರ 12 ಗಂಟೆ 10 ನಿಮಿಷ ತೋರಿಸುವಾಗ, ಆ ಅಮೃತಶಿಲೆಯ ಗೋಡೆಯ ಮುಂದೆ ಇನ್ನೂ ಯಾರೋ ಹೂ ಹಿಡಿದು ನಿಂತಿರುತ್ತಾರೆ. ಒಂಟಿಯಾಗಿರುವುದು ಇಷ್ಟವಿಲ್ಲ ಎಂದವನನ್ನು ಅವರು ಈವರೆಗೆ ಒಂಟಿಯಾಗಿರಲು ಬಿಟ್ಟಿಲ್ಲ.